ಕಾರವಾರದಿಂದ ಕುದುರೆ ರೇಸಿಗೆ: ಒಂದು ವಾರಾಂತ್ಯ, ಹತ್ತು ಬಾಜಿ

ಶಿರಸಿಯಲ್ಲಿ ಅಡಿಕೆ ಟೆಂಡರ್ ನೋಡಿದವರಿಗೆ ಕುದುರೆ ರೇಸ್ ಅರ್ಥ ಮಾಡಿಸುವುದು ಸುಲಭ. ಅಂಗಳದ ತುಂಬ ಚಾಲಿ (ಒಣಗಿಸಿ ಸುಲಿದ ಅಡಿಕೆ) ರಾಶಿ ಹಾಕಿರುತ್ತಾರೆ. ವ್ಯಾಪಾರಿ ಬಗ್ಗಿ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕುತ್ತಾನೆ, ತಳದಿಂದ ಒಂದು ಮುಷ್ಟಿ ಎತ್ತುತ್ತಾನೆ, ಒಂದನ್ನು ಅಡಕತ್ತಿಯಲ್ಲಿ ಒಡೆದು ಒಳಗಿನ ಬಣ್ಣ ನೋಡುತ್ತಾನೆ, ಆಮೇಲೆ ಚೀಟಿಯಲ್ಲಿ ದರ ಬರೆಯುತ್ತಾನೆ. ನನ್ನ ಸೋದರಮಾವ ಅಡಿಕೆ ವ್ಯಾಪಾರದವರು. ಚಿಕ್ಕವನಿದ್ದಾಗ ರಜೆಯಲ್ಲಿ ಅವರ ಹಿಂದೆಯೇ ಓಡಾಡುತ್ತಿದ್ದೆ. ಒಂದು ದಿನ ಫಳಫಳ ಹೊಳೆಯುವ ರಾಶಿಯೊಂದನ್ನು ಅವರು ಬಿಟ್ಟು ಮುಂದೆ ಹೋದರು. ಯಾಕೆ ಅಂತ ಕೇಳಿದ್ದಕ್ಕೆ ಹೇಳಿದ್ದು ಇಷ್ಟೇ: "ಅಡಿಕೆ ಚೊಲೋನೇ ಇದ್ದು ತಮಾ. ಆ ದರಕ್ಕೆ ಅಲ್ಲ."

ರೇಸಿಗೆ ಹೋಗಲು ಶುರು ಮಾಡಿದ ಮೇಲೆ ಈ ಮಾತು ನನಗೆ ದಿನಾ ಕೆಲಸಕ್ಕೆ ಬಂದಿದೆ. ಯಾವ ಕುದುರೆ ಗೆಲ್ಲುತ್ತದೆ ಎನ್ನುವುದು ಅರ್ಧ ಪ್ರಶ್ನೆ. ಯಾವ ದರಕ್ಕೆ, ಅಂದರೆ ಗೆದ್ದರೆ ಹಾಕಿದ್ದರ ಎಷ್ಟು ಪಟ್ಟು ಸಿಗುತ್ತದೆ ಎನ್ನುವುದು ಇನ್ನರ್ಧ. ಈ ಎರಡನೇ ಅರ್ಧವನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ನೇರವಾಗಿ. ಇದು ದುಡ್ಡು ಮಾಡುವ ದಾರಿ ಅಲ್ಲ. ತೆರಿಗೆ ಮತ್ತು ಕಮಿಷನ್ ಸೇರಿದರೆ ಹವ್ಯಾಸಕ್ಕೆ ಹೋಗುವವರು ವರ್ಷದ ಕೊನೆಗೆ ಸೋತಿರುತ್ತಾರೆ, ಬಹುಪಾಲು ವರ್ಷ ನಾನೂ ಸೋತಿದ್ದೇನೆ. ಆದರೆ ಕಾರ್ಡ್ (ಆ ದಿನದ ರೇಸ್ ಮತ್ತು ಕುದುರೆಗಳ ಪಟ್ಟಿ) ಓದುವುದು, ಕುದುರೆ ನೋಡುವುದು, ನನ್ನ ಲೆಕ್ಕ ಸರಿಯಾ ತಪ್ಪಾ ಅಂತ ಎರಡೇ ನಿಮಿಷದಲ್ಲಿ ಕಣ್ಣೆದುರೇ ಗೊತ್ತಾಗುವುದು, ಇದಕ್ಕೆ ಸಮನಾದ ಸುಖ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

1. ಯಾವಾಗ ಹೋಗುವುದು

ರಾಜ್ಯದಲ್ಲಿ ದೊಡ್ಡ ರೇಸ್ ನಡೆಯುವುದು ಎರಡು ಕಡೆ. ಒಂದು ಬೆಂಗಳೂರು ಟರ್ಫ್ ಕ್ಲಬ್, ಇನ್ನೊಂದು 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್. ಬೆಂಗಳೂರಿನಲ್ಲಿ ಎರಡು ಸೀಸನ್. ಬೇಸಿಗೆ ಸೀಸನ್ ಮೇ ತಿಂಗಳಲ್ಲಿ ಶುರುವಾಗಿ ಜುಲೈ ದಾಟುತ್ತದೆ. ಹೆಸರಿಗೆ ಬೇಸಿಗೆ, ನಮ್ಮ ಕರಾವಳಿಯಲ್ಲಿ ಆಗ ಜಡಿಮಳೆ. ಚಳಿಗಾಲದ್ದು ನವೆಂಬರಿನಿಂದ. ನಡುವೆ ಆಗಸ್ಟಿನಿಂದ ಅಕ್ಟೋಬರ್ ತನಕ ಮೈಸೂರಿನ ಸರದಿ, ಅಲ್ಲಿನ ದೊಡ್ಡ ರೇಸ್ ಮೈಸೂರು ಡರ್ಬಿ ದಸರಾ ಹೊತ್ತಿಗೆ ಬರುತ್ತದೆ.

ನನಗೆ ಚಳಿಗಾಲವೇ ಇಷ್ಟ. ನೆಲ ಒಣಗಿರುತ್ತದೆ, ಹಾಗಾಗಿ ಹಿಂದಿನ ರೇಸಿನ ಸಮಯವನ್ನು ಇವತ್ತಿನ ರೇಸಿಗೆ ಹೋಲಿಸಬಹುದು. ಮಳೆಗಾಲದಲ್ಲಿ ಟ್ರ್ಯಾಕ್ ಒಂದು ವಾರ ಗಟ್ಟಿ, ಮುಂದಿನ ವಾರ ಹಸಿ. ಹೋದ ತಿಂಗಳು ಓಡಿದ ಕುದುರೆ ಇವತ್ತು ಬೇರೆಯೇ ಕುದುರೆ ಆಗಿಬಿಡುತ್ತದೆ.

ಟಿಕೆಟ್ ಬುಕ್ ಮಾಡುವ ಮೊದಲು ಕ್ಲಬ್ಬಿನ ಜಾಲತಾಣದಲ್ಲಿ ಆ ವಾರ ರೇಸ್ ಇದೆಯಾ ಅಂತ ನೋಡಲೇಬೇಕು. 2024ರ ಬೇಸಿಗೆಯಲ್ಲಿ ಪರವಾನಗಿ ವಿಷಯ ಕೋರ್ಟಿಗೆ ಹೋಗಿ ಬೆಂಗಳೂರಿನಲ್ಲಿ ರೇಸೇ ನಿಂತಿತ್ತು. ಐನೂರು ಕಿಲೋಮೀಟರ್ ದೂರದಿಂದ ಹೋಗುವವರಿಗೆ ಇಂಥ ಸುದ್ದಿ ಗೇಟಿನ ಎದುರು ನಿಂತಾಗ ಗೊತ್ತಾಗಬಾರದು, ಅಲ್ವಾ?

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಶುಕ್ರವಾರ ಸಂಜೆ ಹತ್ತಿದರೆ ಶನಿವಾರ ಬೆಳಿಗ್ಗೆ ಬೆಂಗಳೂರು. ಶಿರಸಿ, ಸಿದ್ದಾಪುರದವರಿಗೆ ರಾತ್ರಿ ಬಸ್ಸೇ ಗತಿ. ಮೆಜೆಸ್ಟಿಕ್ ಹತ್ತಿರ ರೂಮ್ ಮಾಡಿದರೆ ರೇಸ್ ಕೋರ್ಸ್ ಸುಮಾರು ಎರಡು ಕಿಲೋಮೀಟರ್, ನಡೆದೇ ಹೋಗಬಹುದು. ಆ ರಸ್ತೆಗೆ ಈಗ ಅಂಬರೀಶ್ ಹೆಸರಿಟ್ಟಿದ್ದಾರೆ. ಆದರೂ ಆಟೋದವರಿಗೆ ರೇಸ್ ಕೋರ್ಸ್ ರೋಡ್ ಅಂದರೆ ಸಾಕು.

2. ದುಡ್ಡನ್ನು ಊರಲ್ಲೇ ಎಣಿಸಿ ಕಟ್ಟುವುದು

ಈ ಕೆಲಸ ಊರಲ್ಲೇ ಆಗಬೇಕು. ರೇಸ್ ಕೋರ್ಸಿನ ಒಳಗೆ ನಿಂತು ಇವತ್ತಿಗೆ ಎಷ್ಟು ಅಂತ ಯೋಚಿಸಿದರೆ ಅದು ಯೋಚನೆ ಅಲ್ಲ, ಆಸೆ.

ನನ್ನ ಲೆಕ್ಕ ಹೀಗೆ. ಪ್ರಯಾಣ, ರೂಮು, ಊಟ ಬೇರೆ. ಬಾಜಿಗೆ 3,000 ರೂಪಾಯಿ. ಇದು ಪೂರ್ತಿ ಹೋದರೂ ಮನೆಯಲ್ಲಿ ಯಾರ ಮುಖವೂ ಬಾಡಬಾರದು, ಅಷ್ಟೇ ಇರಬೇಕು. ಒಂದು ಬಾಜಿಗೆ 200 ರೂಪಾಯಿ ಪಣ, ಅದರ ಮೇಲೆ ತೆರಿಗೆ 80, ಒಟ್ಟು 280. ಎರಡು ದಿನಕ್ಕೆ ಹತ್ತು ಬಾಜಿ, 2,800. ಉಳಿದ 200 ಚಿಲ್ಲರೆ. ಎರಡು ಲಕೋಟೆ ಮಾಡಿ, ಒಂದರ ಮೇಲೆ ಶನಿವಾರ, ಇನ್ನೊಂದರ ಮೇಲೆ ಭಾನುವಾರ ಅಂತ ಬರೆಯುತ್ತೇನೆ. ಭಾನುವಾರದ ಲಕೋಟೆ ಮತ್ತು ಎಟಿಎಂ ಕಾರ್ಡು ಶನಿವಾರ ರೂಮಿನಲ್ಲೇ ಇರುತ್ತವೆ. ಗೆದ್ದ ದುಡ್ಡು ಮೂರನೇ ಜೇಬಿಗೆ. ಅದನ್ನು ಆ ದಿನ ಮತ್ತೆ ಹಾಕುವುದಿಲ್ಲ.

ಪಣವನ್ನು ಹೆಚ್ಚು ಕಡಿಮೆ ಮಾಡುವುದು ಬೇಡ. ಮೂರು ಬಾಜಿ ಸೋತ ಮೇಲೆ ನಾಲ್ಕನೆಯದಕ್ಕೆ ಡಬಲ್ ಹಾಕಿ ಎಲ್ಲ ವಾಪಸ್ ತೆಗೆಯುತ್ತೇನೆ ಅಂದುಕೊಳ್ಳುವುದು ಎಲ್ಲರಿಗೂ ಬರುವ ಯೋಚನೆ. ಕುದುರೆಗೆ ನೀವು ಹಿಂದೆ ಸೋತಿದ್ದು ಗೊತ್ತಿಲ್ಲ.

ಸಾಲ ಮಾಡಿ ಆಡಬೇಕು ಅನ್ನಿಸಿದರೆ, ಮನೆಯವರಿಗೆ ಸುಳ್ಳು ಹೇಳುವುದು ಶುರುವಾದರೆ, ಸೋತ ದುಡ್ಡಿನ ಚಿಂತೆಯಲ್ಲಿ ನಿದ್ದೆ ಕೆಟ್ಟರೆ, ಆ ಸೀಸನ್ ಬಿಟ್ಟುಬಿಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನನ್ನ ಪರಿಚಯದವರೊಬ್ಬರು ತಡವಾಗಿ ಕೇಳಿದರು. ಮೊದಲೇ ಕೇಳಿದ್ದರೆ ತೋಟದ ಒಂದು ಭಾಗ ಉಳಿಯುತ್ತಿತ್ತು.

ಇನ್ನೊಂದು, ಊರಿನಲ್ಲಿ ಓಸಿ ಬರೆಯುವವರ ಹತ್ತಿರ, ಫೋನಿನಲ್ಲಿ ಬಾಜಿ ತೆಗೆದುಕೊಳ್ಳುವವರ ಹತ್ತಿರ, ಟೆಲಿಗ್ರಾಂ ಗುಂಪಿನವರ ಹತ್ತಿರ ಕುದುರೆಗೆ ಹಾಕಬೇಡಿ. ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ ನಿಜ. ಆ ಮಾತು ಇವರಿಗೆ ರಕ್ಷಣೆ ಕೊಡುವುದಿಲ್ಲ. ಅಲ್ಲಿ ಗೆದ್ದರೂ ದುಡ್ಡು ಕೈಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಕುದುರೆಯನ್ನಂತೂ ನೀವು ನೋಡುವುದೇ ಇಲ್ಲ.

3. ರೈಲಿನಲ್ಲಿ ಕಾರ್ಡ್ ಓದುವುದು

ಶನಿವಾರದ ಕಾರ್ಡ್ ಒಂದೆರಡು ದಿನ ಮೊದಲೇ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಳ್ಳಿ. ಮೈದಾನದೊಳಗೆ ಮೊಬೈಲಿಗೆ ನಿರ್ಬಂಧ ಇರಬಹುದು, ಗೇಟಿನಲ್ಲಿ ಏನು ಹೇಳುತ್ತಾರೋ ಅದನ್ನು ಕೇಳಬೇಕು. ಕಾಗದದ ಮೇಲೆ ಬರೆದ ಲೆಕ್ಕವನ್ನು ಯಾರೂ ಬೇಡ ಅನ್ನುವುದಿಲ್ಲ.

ಒಂದು ದಿನಕ್ಕೆ ಎಂಟು ರೇಸ್ ಇದೆ ಅಂದುಕೊಳ್ಳಿ. ಎಂಟನ್ನೂ ಓದಬೇಡಿ. ನಾಲ್ಕೈದನ್ನು ಆರಿಸಿ. ಹದಿನಾಲ್ಕು ಕುದುರೆ ಓಡುವ ಗಜಿಬಿಜಿ ರೇಸ್ ಬೇಡ. ಇನ್ನೂ ಒಮ್ಮೆಯೂ ಓಡದ ಕುದುರೆಗಳ ರೇಸ್ ಬೇಡ, ಅಲ್ಲಿ ನಮಗೆ ಓದಲು ಏನೂ ಇರುವುದಿಲ್ಲ, ತರಬೇತುದಾರರ ಮನೆಯವರಿಗೆ ಮಾತ್ರ ವಿಷಯ ಗೊತ್ತಿರುತ್ತದೆ. ಎಂಟರಿಂದ ಹತ್ತು ಕುದುರೆ, ಎಲ್ಲವೂ ನಾಲ್ಕಾರು ಸಲ ಓಡಿದ್ದು, ದೂರ 1200ರಿಂದ 1600 ಮೀಟರ್. ಇಂಥದ್ದು ಹೊಸಬರಿಗೆ ಒಳ್ಳೆಯದು.

ಕಾರ್ಡಿನಲ್ಲಿ ಪ್ರತಿ ಕುದುರೆಯ ಎದುರು ಸಂಖ್ಯೆ, ವಯಸ್ಸು, ತಂದೆ ತಾಯಿ, ಹೊರುವ ತೂಕ, ಜಾಕಿ (ಸವಾರ), ತರಬೇತುದಾರ, ಡ್ರಾ (ಓಟ ಶುರುವಾಗುವ ಗೇಟಿನಲ್ಲಿ ಕುದುರೆ ನಿಲ್ಲುವ ಜಾಗ), ರೇಟಿಂಗ್, ಹಿಂದಿನ ಓಟಗಳು ಇರುತ್ತವೆ. ಇದರಲ್ಲಿ ಮೊದಲು ಹಿಡಿಯಬೇಕಾದದ್ದು ರೇಟಿಂಗ್ ಮತ್ತು ತೂಕ. ನಮ್ಮಲ್ಲಿ ಬಹಳಷ್ಟು ರೇಸ್‌ಗಳು ಹ್ಯಾಂಡಿಕ್ಯಾಪ್. ಪ್ರತಿ ಕುದುರೆಗೂ ಹ್ಯಾಂಡಿಕ್ಯಾಪರ್ ಒಂದು ರೇಟಿಂಗ್ ಕೊಡುತ್ತಾರೆ, ಒಂದು ಅಂಕಕ್ಕೆ ಅರ್ಧ ಕಿಲೋ. "40ರಿಂದ 65 ರೇಟಿಂಗ್" ಎಂದು ಬರೆದ ರೇಸಿನಲ್ಲಿ ಮೇಲಿನ ಕುದುರೆಗೂ ಕೆಳಗಿನದಕ್ಕೂ 25 ಅಂಕ, ಅಂದರೆ ಹನ್ನೆರಡೂವರೆ ಕಿಲೋ ವ್ಯತ್ಯಾಸ ಬರಬಹುದು. ಜೋರಾಗಿ ಓಡುವ ಕುದುರೆಗೆ ಜಾಸ್ತಿ ಹೊರಿಸಿ ಎಲ್ಲರನ್ನೂ ಒಂದೇ ಗೆರೆಗೆ ತರುವುದು ಇದರ ಉದ್ದೇಶ.

ಹಾಗಾಗಿ ಹೋದ ಸಲ ಗೆದ್ದ ಕುದುರೆ ಇವತ್ತು ಸುಲಭದ ಕುದುರೆ ಅಲ್ಲ. ಗೆದ್ದಿದ್ದಕ್ಕೆ ಅದರ ರೇಟಿಂಗ್ ಏರಿರುತ್ತದೆ, ಮೇಲಿನ ದರ್ಜೆಗೆ ಹೋಗಿರುತ್ತದೆ, ಇಲ್ಲವೇ ಅದೇ ದರ್ಜೆಯಲ್ಲಿ ಜಾಸ್ತಿ ತೂಕ ಹೊರುತ್ತದೆ. ಜನ ಮಾತ್ರ ಕೊನೆಯ ಓಟದ ಎದುರಿನ "1" ನೋಡಿ ಓಡಿಹೋಗಿ ಹಾಕುತ್ತಾರೆ. ಅವರು ಹಾಕಿದಷ್ಟೂ ಅದರ ದರ ಇಳಿಯುತ್ತದೆ. ನಮಗೆ ಬೇಕಾಗಿರುವುದು ಇದರ ಉಲ್ಟಾ: ಹೋದ ಸಲ ನಾಲ್ಕನೆಯದೋ ಐದನೆಯದೋ ಬಂದು, ಅದಕ್ಕೆ ಸರಿಯಾದ ಕಾರಣ ಇದ್ದ ಕುದುರೆ.

ಆ ಕಾರಣ ಸಿಗುವುದು ವಿಡಿಯೋದಲ್ಲಿ. ಹಳೆಯ ರೇಸಿನ ವಿಡಿಯೋಗಳನ್ನು ಕ್ಲಬ್ಬೇ ಹಾಕುತ್ತದೆ. ಒಂದೊಂದನ್ನು ಮೂರು ಸಲ ನೋಡಿ. ಮೊದಲ ಸಲ ಗೇಟಿನಿಂದ ಹೊರಬರುವುದನ್ನು ಮಾತ್ರ, ಯಾವುದು ತಡವಾಗಿ ಹಾರಿತು, ಯಾವುದಕ್ಕೆ ಪಕ್ಕದ್ದು ಡಿಕ್ಕಿ ಹೊಡೆಯಿತು. ಎರಡನೇ ಸಲ ತಿರುವು. ಹೊರಗಿನಿಂದ ಸುತ್ತಿದ ಕುದುರೆ ಒಳಗಿನದಕ್ಕಿಂತ ಜಾಸ್ತಿ ದೂರ ಓಡಿರುತ್ತದೆ, ಫಲಿತಾಂಶದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಮೂರನೇ ಸಲ ಕೊನೆಯ 400 ಮೀಟರ್. ಮುಂದೆ ಗೋಡೆಯ ಹಾಗೆ ಮೂರು ಕುದುರೆ ಇದ್ದು ಜಾಕಿ ಲಗಾಮು ಹಿಡಿದೇ ಕೂತಿದ್ದರೆ ಬರೆದುಕೊಳ್ಳಿ. ಆ ಕುದುರೆ ಸೋತಿಲ್ಲ, ಅದಕ್ಕೆ ಓಡಲು ಜಾಗ ಸಿಕ್ಕಿಲ್ಲ.

ಇದಾದ ಮೇಲೆ ಉಳಿದವನ್ನು ಬೇಗ ನೋಡಿ ಮುಗಿಸಬಹುದು. ಈ ದೂರ ಮೊದಲು ಓಡಿದೆಯಾ? ಎಷ್ಟು ದಿನದ ನಂತರ ಓಡುತ್ತಿದೆ? ಕಣ್ಣುಪಟ್ಟಿ ಹೊಸದಾಗಿ ಹಾಕಿದ್ದಾರಾ? ತಿರುವು ಬೇಗ ಬರುವ ದೂರದಲ್ಲಿ ಡ್ರಾ ತೀರ ಹೊರಗಾ? ಕಲಿಯುತ್ತಿರುವ ಹುಡುಗ ಹತ್ತಿದ್ದರೆ ಅವನಿಗೆ ಒಂದಿಷ್ಟು ತೂಕದ ರಿಯಾಯಿತಿ ಇರುತ್ತದೆ, ಅದನ್ನು ಕಳೆದು ನೋಡಿ. ಜಾಕಿಯ ಹೆಸರಿಗೆ ಮಾತ್ರ ಮರುಳಾಗಬೇಡಿ. ಸೂರಜ್ ನರೇಡು ದೊಡ್ಡ ಜಾಕಿ, ಅದರಲ್ಲಿ ಎರಡು ಮಾತಿಲ್ಲ. ಅಂಥವರು ಹತ್ತಿದ ಕುದುರೆಗೆ ಜನ ಕಣ್ಣು ಮುಚ್ಚಿ ಹಾಕುವುದರಿಂದಲೇ ಅದರ ದರ ಇರಬೇಕಾದ್ದಕ್ಕಿಂತ ಕೆಳಗೆ ಇರುತ್ತದೆ.

4. ದರದ ಲೆಕ್ಕ, ಇದನ್ನು ಬಿಟ್ಟರೆ ಉಳಿದದ್ದು ವ್ಯರ್ಥ

ಮೈದಾನದಲ್ಲೇ ಬಾಜಿ ತೆಗೆದುಕೊಳ್ಳುವ ಬುಕ್ಕಿಯ ಬೋರ್ಡಿನಲ್ಲಿ 4/1 ಅಂತ ಇದ್ದರೆ ನೂರು ಹಾಕಿದವರಿಗೆ ಲಾಭ ನಾನೂರು, ಅಸಲು ನೂರು, ಒಟ್ಟು ಐನೂರು ಬರುತ್ತದೆ. ಇದು ಎಲ್ಲರಿಗೂ ಗೊತ್ತು. ತೆರಿಗೆ ಸೇರಿಸಿ ಲೆಕ್ಕ ಹಾಕುವವರು ಕಡಿಮೆ. ಕುದುರೆ ಬಾಜಿಯ ಮೇಲೆ ಜಿಎಸ್‌ಟಿ ಮೊದಲು ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಅದು ಬೀಳುವುದು ಗೆದ್ದ ಲಾಭದ ಮೇಲೆ ಅಲ್ಲ, ನೀವು ಇಟ್ಟ ಪಣದ ಪೂರ್ತಿ ಮೊತ್ತದ ಮೇಲೆ. ನೂರು ರೂಪಾಯಿ ಪಣಕ್ಕೆ ಜೇಬಿನಿಂದ ಹೋಗುವುದು 140.

ಇದರಿಂದ ಏನಾಗುತ್ತದೆ ನೋಡಿ. ಈವನ್ ಮನಿ, ಅಂದರೆ 1/1 ದರದ ಫೇವರಿಟ್‌ಗೆ (ಜನ ಅತಿ ಹೆಚ್ಚು ದುಡ್ಡು ಹಾಕಿದ ಕುದುರೆಗೆ) ನೂರು ಹಾಕಿ ಗೆದ್ದರೆ ಕೈಗೆ 200, ಹೋಗಿದ್ದು 140, ಲಾಭ 60 ಮಾತ್ರ. ಅಂಥ ಕುದುರೆ ನೂರರಲ್ಲಿ 70 ಸಲ ಗೆದ್ದರೆ ನೀವು ಸಮ, ಅದಕ್ಕಿಂತ ಕಡಿಮೆ ಆದರೆ ನಷ್ಟ. ದರ 40/100 ಇದ್ದರೆ, ಅಂದರೆ ನೂರಕ್ಕೆ ಲಾಭ ನಲವತ್ತು, ಗೆದ್ದರೂ ಸೊನ್ನೆ. ಅದಕ್ಕಿಂತ ಕೆಳಗಿನ ದರದಲ್ಲಿ ಕುದುರೆ ಗೆಲ್ಲುತ್ತದೆ, ನೀವು ಚಪ್ಪಾಳೆ ತಟ್ಟುತ್ತೀರಿ, ಜೇಬಿನಲ್ಲಿ ದುಡ್ಡು ಕಡಿಮೆ ಆಗಿರುತ್ತದೆ.

ನಾನು ಬಳಸುವ ಸೂತ್ರ ಸುಲಭ. ದರಕ್ಕೆ ಒಂದು ಸೇರಿಸಿ, ಬಂದ ಸಂಖ್ಯೆಯಿಂದ 140ನ್ನು ಭಾಗಿಸಿ. ನೂರರಲ್ಲಿ ಅಷ್ಟು ಸಲವಾದರೂ ಆ ಕುದುರೆ ಗೆಲ್ಲಬೇಕು. 2/1 ಆದರೆ 47. 4/1 ಆದರೆ 28. 6/1 ಆದರೆ 20. 10/1 ಆದರೆ ಸುಮಾರು 13. ಇದನ್ನು ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ.

ಇನ್ನು ನಿಮ್ಮ ಅಂದಾಜು. ರೈಲಿನಲ್ಲಿ ಕೂತು ರೇಸಿನ ಒಂದೊಂದು ಕುದುರೆಗೂ ನೂರರಲ್ಲಿ ಎಷ್ಟು ಅಂತ ಬರೆಯಿರಿ. ಒಟ್ಟು ಸರಿಯಾಗಿ ನೂರೇ ಆಗಬೇಕು. ಒಂದಕ್ಕೆ ಜಾಸ್ತಿ ಕೊಡಬೇಕಾದರೆ ಇನ್ನೊಂದರಿಂದ ಕೀಳಬೇಕು, ಆಗ ನಿಜವಾದ ಯೋಚನೆ ಶುರುವಾಗುತ್ತದೆ. ದರ ನೋಡದೆ ಬರೆಯಿರಿ. ನೋಡಿದ ಮೇಲೆ ಬರೆದರೆ ಕೈ ತಾನಾಗಿಯೇ ದರದ ಕಡೆ ವಾಲುತ್ತದೆ.

ನನ್ನ ಪುಸ್ತಕದ ಒಂದು ಪುಟ ಹೇಳುತ್ತೇನೆ. 1400 ಮೀಟರ್, ಒಂಬತ್ತು ಕುದುರೆ. ಮೂರನೇ ನಂಬರ್ ಹೋದ ಸಲ ಗೆದ್ದು ಮೂರು ಕಿಲೋ ಏರಿಸಿಕೊಂಡಿತ್ತು, ಆದರೂ ಅದೇ ಗಟ್ಟಿ ಕುದುರೆ ಅನ್ನಿಸಿ 35 ಕೊಟ್ಟಿದ್ದೆ. ಐದನೇ ನಂಬರ್ ಹೋದ ಸಲ ನಾಲ್ಕನೆಯದು, ವಿಡಿಯೋದಲ್ಲಿ ತಿರುವಿನ ನಂತರ ಪೂರ್ತಿ ಮುಚ್ಚಿಹೋಗಿತ್ತು, ಇವತ್ತು 54 ಕಿಲೋ ಮಾತ್ರ. ಅದಕ್ಕೆ 26. ಉಳಿದ ಏಳಕ್ಕೆ ಸೇರಿ 39. ಮೈದಾನದಲ್ಲಿ ಮೂರನೆಯದರ ದರ 6/4, ಅಂದರೆ ಒಂದಕ್ಕೆ ಒಂದೂವರೆ. ಸೂತ್ರದ ಪ್ರಕಾರ ಅದು ನೂರರಲ್ಲಿ 56 ಸಲ ಗೆಲ್ಲಬೇಕು, ನಾನು ಕೊಟ್ಟಿದ್ದು 35. ಬೇಡ. ಐದನೆಯದು 5/1, ಬೇಕಾಗಿದ್ದು 23ಕ್ಕೆ ಸ್ವಲ್ಪ ಮೇಲೆ, ನನ್ನ ಅಂದಾಜು 26. ಹಾಕಿದೆ, 280 ರೂಪಾಯಿ. ಐದನೆಯದು ಕೊನೆಯ ಐವತ್ತು ಮೀಟರಿನಲ್ಲಿ ಮುಂದೆ ಬಂದು, ಕತ್ತಿನಷ್ಟು ಅಂತರದಲ್ಲಿ ಸೋತಿತು. ಗೆದ್ದಿದ್ದು ಮೂರನೆಯದೇ.

ಪಕ್ಕದಲ್ಲಿದ್ದವರು "ಫೇವರಿಟ್ ಬಿಟ್ರಲ್ಲ ಸಾರ್" ಅಂತ ಅಯ್ಯೋ ಅಂದರು. ನಾನು ಪುಸ್ತಕದಲ್ಲಿ ಆ ಬಾಜಿಯ ಎದುರು ಸರಿ ಎಂದೇ ಗುರುತು ಹಾಕಿದೆ. ಅಂಥ ಬಾಜಿ ಮತ್ತೆ ಸಿಕ್ಕರೆ ಮತ್ತೆ ಹಾಕುತ್ತೇನೆ. ಫೇವರಿಟ್‌ಗಳು ಗೆಲ್ಲುವುದು ಸುಮಾರಾಗಿ ಮೂರು ರೇಸಿಗೆ ಒಂದು ಎನ್ನುವುದು ರೇಸ್ ಲೋಕದ ಹಳೆಯ ಲೆಕ್ಕ. 6/4 ದರದಲ್ಲಿ ಅದು ನಮಗೆ ಸಾಲುವುದಿಲ್ಲ.

5. ಟೋಟ್ ಕೌಂಟರ್, ಬುಕ್ಕಿ, ಮತ್ತು ಪೂಲ್‌ಗಳು

ಮೈದಾನದಲ್ಲಿ ಹಾಕಲು ಎರಡು ದಾರಿ. ಬುಕ್ಕಿ ಹತ್ತಿರ ಹಾಕಿದರೆ ಆ ಕ್ಷಣದ ದರ ನಿಮಗೆ ಖಾಯಂ. ಟೋಟ್‌ನಲ್ಲಿ ಹಾಗಲ್ಲ. ಎಲ್ಲರ ದುಡ್ಡೂ ಒಂದು ಪೂಲಿಗೆ ಸೇರುತ್ತದೆ, ಕ್ಲಬ್ಬು ಕಮಿಷನ್ ತೆಗೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಪರದೆಯಲ್ಲಿ ಕಾಣುವ ಡಿವಿಡೆಂಡ್, ಅಂದರೆ ಗೆದ್ದವರಿಗೆ ಸಿಗುವ ಮೊತ್ತ, ಓಟದ ಗೇಟ್ ತೆರೆಯುವ ತನಕ ಬದಲಾಗುತ್ತಲೇ ಇರುತ್ತದೆ. ಡಿವಿಡೆಂಡ್ ಹೇಳುವುದು ಹತ್ತು ರೂಪಾಯಿಗೆ. ವಿನ್ (ಗೆಲುವಿಗೆ) 60 ಅಂದರೆ ಬುಕ್ಕಿಯ 5/1ಕ್ಕೆ ಸಮ. ಎರಡನ್ನೂ ಹೋಲಿಸಿ, ಜಾಸ್ತಿ ಇರುವ ಕಡೆ ಹಾಕಿ.

ಹೊಸಬರು ಪ್ಲೇಸ್ ಸುರಕ್ಷಿತ ಅಂದುಕೊಳ್ಳುತ್ತಾರೆ. ಕುದುರೆ ಮೊದಲ ಮೂರರಲ್ಲಿ ಬಂದರೂ ದುಡ್ಡು ಸಿಗುತ್ತದೆ ಅಲ್ವಾ ಅಂತ. ಸಿಗುತ್ತದೆ, ಆದರೆ ಎಷ್ಟು? ಹತ್ತಕ್ಕೆ 14 ಬಂದರೆ ಹಾಕಿದ್ದಷ್ಟೇ ವಾಪಸ್. ಫೇವರಿಟ್‌ಗಳಿಗೆ ಪ್ಲೇಸ್ 11, 12 ಬರುವುದು ಮಾಮೂಲು. ಅದು ಗೆದ್ದ ಟಿಕೆಟ್ಟಿನಲ್ಲಿ ನಷ್ಟ. ಪ್ಲೇಸ್ ಹಾಕುವುದಾದರೆ ದೊಡ್ಡ ದರದ ಕುದುರೆಗೆ ಮಾತ್ರ.

ಕ್ವಿನೆಲಾ ಎಂದರೆ ಮೊದಲ ಎರಡು ಕುದುರೆ, ಯಾವ ಕ್ರಮದಲ್ಲಾದರೂ ಸರಿ. ಫೋರ್‌ಕಾಸ್ಟ್ ಎಂದರೆ ಅದೇ ಎರಡು, ಸರಿಯಾದ ಕ್ರಮದಲ್ಲಿ. ಮೂರು ಕುದುರೆ ಆರಿಸಿದರೆ ಕ್ವಿನೆಲಾಗೆ ಮೂರು ಟಿಕೆಟ್, ಫೋರ್‌ಕಾಸ್ಟಿಗೆ ಆರು. ನಾನು ದಿನಕ್ಕೊಂದು ಕ್ವಿನೆಲಾ ಹಾಕುವುದುಂಟು, ಅದೂ ಫೇವರಿಟ್ ಮೇಲೆ ನಂಬಿಕೆ ಇಲ್ಲದ ರೇಸಿನಲ್ಲಿ.

ಜಾಕ್‌ಪಾಟ್ ಐದು ರೇಸಿನ ಐದೂ ಗೆಲುವನ್ನು ಹೇಳುವುದು. ಪತ್ರಿಕೆಯಲ್ಲಿ ದೊಡ್ಡ ಮೊತ್ತ ನೋಡಿ ಎಲ್ಲರಿಗೂ ಆಸೆ ಆಗುತ್ತದೆ. ಪ್ರತಿ ರೇಸಿನಲ್ಲಿ ಎರಡೆರಡು ಕುದುರೆ ತೆಗೆದುಕೊಂಡರೂ 32 ಕಾಂಬಿನೇಷನ್, ಮೂರಾದರೆ 243. ಪ್ರತಿಯೊಂದಕ್ಕೂ ಪಣ, ಪ್ರತಿಯೊಂದಕ್ಕೂ ತೆರಿಗೆ. ಹತ್ತು ಬಾಜಿಯ ವಾರಾಂತ್ಯದಲ್ಲಿ ಇದಕ್ಕೆ ಜಾಗ ಇಲ್ಲ.

ಗೆದ್ದ ಮೊತ್ತ 10,000 ರೂಪಾಯಿ ದಾಟಿದರೆ ಶೇ. 30 ಟಿಡಿಎಸ್ ಹಿಡಿಯುತ್ತಾರೆ, ಪ್ಯಾನ್ ಕಾರ್ಡ್ ಇಟ್ಟುಕೊಂಡು ಹೋಗಿ. ಸೋತದ್ದನ್ನು ಸಂಬಳದ ಆದಾಯದಲ್ಲಿ ಕಳೆಯಲು ಬರುವುದಿಲ್ಲ.

6. ಪ್ಯಾಡಕ್

ಇಲ್ಲಿಗೆ ಬಂದರೆ ನನಗೆ ಹಸಿವು ನೆನಪಾಗುವುದಿಲ್ಲ. ಪ್ರತಿ ರೇಸಿನ ಮೊದಲು ಕುದುರೆಗಳನ್ನು ಸುತ್ತು ನಡೆಸುತ್ತಾರೆ. ಬೇಲಿಯ ಪಕ್ಕ ನಿಲ್ಲಿ, ಎರಡು ಸುತ್ತು ಪೂರ್ತಿ ನೋಡಿ. ಕಾರವಾರ ಮಾರ್ಕೆಟ್ಟಿನಲ್ಲಿ ಇಸೋಣ ಮೀನು ತೆಗೆದುಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವಲ್ಲ, ಅಷ್ಟು ಹತ್ತಿರದಿಂದ ನೋಡಬೇಕು.

ಮೊದಲು ನಡಿಗೆ. ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತನ್ನು ದಾಟಿ ಮುಂದೆ ಬೀಳಬೇಕು, ಬೆನ್ನು ಸಡಿಲವಾಗಿ ತೂಗಬೇಕು. ಹೆಜ್ಜೆ ಗಿಡ್ಡವಾಗಿ ಕುಟ್ಟಿದ ಹಾಗೆ ಬಿದ್ದರೆ ಎಲ್ಲೋ ಬಿಗಿ ಇದೆ. ಆಮೇಲೆ ಮೈ. ಒಳ್ಳೆಯ ಸ್ಥಿತಿಯ ಕುದುರೆಯ ಚರ್ಮ ಎಣ್ಣೆ ಸವರಿದ ಹಾಗಿರುತ್ತದೆ, ಪಕ್ಕೆಯ ಕೊನೆಯ ಎಲುಬು ಒಂದೆರಡು ತೆಳ್ಳಗೆ ಕಾಣುತ್ತದೆ, ತೊಡೆಯ ಹಿಂದೆ ಸ್ನಾಯು ಗೆರೆ ಹಾಕಿದ ಹಾಗೆ ಎದ್ದಿರುತ್ತದೆ. ಹೊಟ್ಟೆ ಗುಂಡಗಿದ್ದರೆ ಇನ್ನೂ ಒಂದೆರಡು ಓಟ ಬೇಕು ಅಂತ ಅರ್ಥ. ಬೆವರು ನೋಡಿ. ಕುತ್ತಿಗೆ ಸ್ವಲ್ಪ ಒದ್ದೆ ಇದ್ದರೆ ಪರವಾಗಿಲ್ಲ, ಬಿಸಿಲಿಗೆ ಅದು ಸಹಜ. ಹಿಂದಿನ ತೊಡೆಗಳ ನಡುವೆ ಸಾಬೂನಿನ ನೊರೆಯ ಹಾಗೆ ಬಿಳಿ ಬಂದು, ಬಾಲ ಬೀಸುತ್ತ, ನಡೆಸುವವನನ್ನು ಎಳೆದಾಡುತ್ತಿದ್ದರೆ ಅದು ರೇಸನ್ನು ಇಲ್ಲೇ ಓಡಿ ಮುಗಿಸುತ್ತಿದೆ.

ಒಮ್ಮೆ ನಾನು 24 ಕೊಟ್ಟಿದ್ದ ಕಂದು ಹೆಣ್ಣುಕುದುರೆಯೊಂದು ಹೀಗೇ ನೊರೆ ಕಟ್ಟಿಕೊಂಡು ಬಂತು. ನನ್ನ ಲೆಕ್ಕವೆಲ್ಲ ಸರಿ ಇತ್ತು, ದರವೂ ಚೆನ್ನಾಗಿತ್ತು. ಪೆನ್ನು ತೆಗೆದು 24ನ್ನು ಹೊಡೆದು 12 ಮಾಡಿದೆ. ಹಾಕಲಿಲ್ಲ. ಅದು ಕೊನೆಯದಾಗಿ ಬಂತು. ಅದನ್ನು ನೋಡಿ ನನಗೆ ಖುಷಿ ಆಗಲಿಲ್ಲ. ಲಾಯಕ್ಕಾದ ಕುದುರೆ, ಆ ದಿನ ಹೆದರಿತ್ತು. ಮುಂದಿನ ಬಾರಿ ಅದು ಶಾಂತವಾಗಿ ಬಂದರೆ ದರ ದೊಡ್ಡದಿರುತ್ತದೆ ಅಂತ ಪಕ್ಕದಲ್ಲಿ ಬರೆದುಕೊಂಡೆ.

ಪ್ಯಾಡಕ್ ಬೇಲಿಯ ಪಕ್ಕ ಟಿಪ್ಸ್ ಕೊಡುವವರು ಸಿಗುತ್ತಾರೆ. "ಇದು ಶ್ಯೂರ್" ಅಂತ ಕಿವಿಯಲ್ಲಿ ಹೇಳುತ್ತಾರೆ. ಅದೇ ಮನುಷ್ಯ ನಿಮ್ಮ ಹಿಂದಿನವನಿಗೆ ಬೇರೆ ಕುದುರೆ ಹೇಳಿರುತ್ತಾನೆ. ನಗುಮುಖದಲ್ಲೇ ಕೇಳಿ, ನಿಮ್ಮ ಕಾರ್ಡಿನಲ್ಲಿ ಏನೂ ಬದಲಾಯಿಸಬೇಡಿ.

7. ರೇಸ್ ಮುಗಿದರೂ ಟಿಕೆಟ್ ಬಿಸಾಡಬೇಡಿ

ಮೊದಲು ಬಂದ ಕುದುರೆಯೇ ಗೆದ್ದಿದೆ ಅಂತ ಅಲ್ಲ. ಜಾಕಿಗಳು ವಾಪಸ್ ಬಂದು ಮತ್ತೆ ತೂಕ ಮಾಡಿಸಿಕೊಳ್ಳಬೇಕು. ಅಡ್ಡ ಬಂದ, ತಳ್ಳಿದ ಅಂತ ಆಕ್ಷೇಪ ಬಂದರೆ ಸ್ಟೀವರ್ಡ್‌ಗಳು (ರೇಸಿನ ತೀರ್ಪುಗಾರರು) ವಿಡಿಯೋ ನೋಡಿ ಸ್ಥಾನ ಬದಲಿಸಬಹುದು. ಎಲ್ಲ ಸರಿ ಎಂಬ ಘೋಷಣೆ ಬರುವ ತನಕ ಟಿಕೆಟ್ ಜೇಬಿನಲ್ಲೇ ಇರಲಿ.

ನಾನು ಎರಡನೇ ವರ್ಷ ಹೋಗಿದ್ದಾಗ ನನ್ನ ಕುದುರೆ ಅರ್ಧ ಕುದುರೆಯಷ್ಟು ಅಂತರದಲ್ಲಿ ಸೋತಿತು. ಟಿಕೆಟ್ ಮಡಚಿ ಬೆಂಚಿನ ಕೆಳಗೆ ಬಿಟ್ಟು ಚಹಾ ಕುಡಿಯಲು ಹೋದೆ. ಕಪ್ ಕೈಗೆ ಬರುವ ಹೊತ್ತಿಗೆ ಆಕ್ಷೇಪದ ಘೋಷಣೆ. ಓಡಿ ವಾಪಸ್ ಬಂದರೆ ಬೆಂಚಿನ ಕೆಳಗೆ ನೂರಾರು ಹರಿದ ಟಿಕೆಟ್. ಮಂಡಿ ಊರಿ ಒಂದೊಂದನ್ನೂ ತಿರುಗಿಸಿ ನೋಡಿದೆ. ಒಬ್ಬರು ಹಿರಿಯರು, ಉತ್ತರ ಕರ್ನಾಟಕದ ಕಡೆಯವರು, "ಏನ್ ಹುಡಕ್ತೀರಿ ತಮ್ಮಾ" ಅಂತ ಕೇಳಿ ಅವರೂ ಕೂತು ಹುಡುಕಿದರು. ಅವರಿಗೇ ಸಿಕ್ಕಿತು. ಆಕ್ಷೇಪ ಎತ್ತಿಹಿಡಿದರು, ನನ್ನ ಕುದುರೆ ಮೊದಲನೆಯದಾಯಿತು. ಅವರಿಗೆ ಚಹಾ ಕೊಡಿಸಲು ಹೋದರೆ ಬೇಡ ಅಂದರು. ಅವತ್ತಿನಿಂದ ಟಿಕೆಟ್ ಅಂಗಿಯ ಜೇಬಿಗೆ, ಗುಂಡಿ ಹಾಕಿ.

8. ಭಾನುವಾರ, ಕೊನೆಯ ರೇಸಿನ ಮೊದಲು

ವಾಪಸ್ ಹೋಗುವ ಪಂಚಗಂಗಾ ಸಂಜೆ ಏಳರ ಒಳಗೆ ಬೆಂಗಳೂರು ಬಿಡುತ್ತದೆ. ರೂಮಿನಿಂದ ಚೀಲ ತೆಗೆದುಕೊಂಡು ಸ್ಟೇಷನ್ ಸೇರಬೇಕು. ಹಾಗಾಗಿ ಕರಾವಳಿಯವರು ಕೊನೆಯ ರೇಸ್ ಬಿಟ್ಟೇ ಹೊರಡಬೇಕಾಗುತ್ತದೆ. ಮೊದಮೊದಲು ನನಗೆ ಇದು ಬೇಜಾರಾಗುತ್ತಿತ್ತು. ಈಗ ಬೇಕೆಂದೇ ಹಾಗೆ ಮಾಡುತ್ತೇನೆ. ಕೊನೆಯ ರೇಸಿಗೆ ಕೌಂಟರಿನ ಎದುರು ನಿಂತವರ ಮುಖ ಒಮ್ಮೆ ನೋಡಿ. ಎರಡು ದಿನ ಸೋತದ್ದನ್ನು ಎರಡು ನಿಮಿಷದಲ್ಲಿ ಗೆಲ್ಲಬೇಕು ಅಂತ ಉಳಿದದ್ದನ್ನೆಲ್ಲ ಒಂದೇ ಕುದುರೆಗೆ ಹಾಕುತ್ತಿರುತ್ತಾರೆ.

ರೈಲಿನಲ್ಲಿ ಕೂತ ತಕ್ಷಣ ಪುಸ್ತಕ ತೆಗೆಯಿರಿ. ಒಂದೊಂದು ಬಾಜಿಗೂ ಒಂದು ಸಾಲು: ದಿನ, ರೇಸ್, ಕುದುರೆಯ ನಂಬರ್, ನಾನು ಕೊಟ್ಟ ಅಂಕ, ಸಿಕ್ಕ ದರ, ತೆರಿಗೆ ಸೇರಿ ಹೋದ ದುಡ್ಡು, ಬಂದ ದುಡ್ಡು, ಹಾಕಿದ್ದರ ಕಾರಣ. ಕಾರಣದ ಕಾಲಂ ಖಾಲಿ ಇದ್ದರೆ ಆ ಬಾಜಿ ಗೆದ್ದಿದ್ದರೂ ತಪ್ಪು ಅಂತ ಗುರುತು ಹಾಕಿ. ಹಾಕದೆ ಬಿಟ್ಟ ಕುದುರೆಗಳನ್ನೂ ಬರೆಯಿರಿ, ಯಾಕೆ ಬಿಟ್ಟೆ ಅಂತ.

ಸೀಸನ್ ಮುಗಿದ ಮೇಲೆ ನೀವು 20ರಿಂದ 30 ಅಂಕ ಕೊಟ್ಟ ಕುದುರೆಗಳನ್ನೆಲ್ಲ ಒಟ್ಟು ಮಾಡಿ ನೋಡಿ. ಅವುಗಳಲ್ಲಿ ಸುಮಾರು ಕಾಲುಭಾಗ ಗೆದ್ದಿರಬೇಕು. ಹತ್ತರಲ್ಲಿ ಒಂದೇ ಗೆದ್ದಿದ್ದರೆ ನೀವು ಇಷ್ಟಪಟ್ಟ ಕುದುರೆಗಳಿಗೆ ಧಾರಾಳವಾಗಿ ಅಂಕ ಕೊಡುತ್ತಿದ್ದೀರಿ. ನನ್ನ ಮೊದಲ ಸೀಸನ್ ಹಾಗೇ ಇತ್ತು. ವಿಡಿಯೋದಲ್ಲಿ ದಾರಿ ಸಿಗದೆ ಸಿಕ್ಕಿಹಾಕಿಕೊಂಡ ಕುದುರೆ ಕಂಡರೆ ಸಾಕು, ಕನಿಕರದಿಂದ ಐದಾರು ಅಂಕ ಜಾಸ್ತಿ ಬೀಳುತ್ತಿತ್ತು. ಈಗ ಅಂಥವಕ್ಕೆ ಬರೆದ ಮೇಲೆ ಮೂರು ಅಂಕ ಕಳೆಯುತ್ತೇನೆ.

ರೈಲು ಕುಣಿಗಲ್ ಮೇಲೆ ಹೋಗುತ್ತದೆ. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು, ಅಲ್ಲಿನ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಎಷ್ಟೋ ಕುದುರೆಗಳು ರೇಸಿನಲ್ಲಿ ಓಡಿವೆ. ಆ ಹೊತ್ತಿಗೆ ಕತ್ತಲಾಗಿರುತ್ತದೆ, ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ನಾನು ಅಷ್ಟರೊಳಗೆ ಹತ್ತೂ ಸಾಲು ಬರೆದು ಮುಗಿಸುತ್ತೇನೆ, ಊಟದ ಪೊಟ್ಟಣ ಬಿಚ್ಚುವುದು ಆಮೇಲೆ.